ಬೀಜವಿಲ್ಲದ ನೀರು

ಯಬ್ಲೊನೆಟ್ಸ್‌ನಿಂದ ಯಾವ ದಿಕ್ಕಿಗೆ ಹೊರಟರೂ
ಸಮುದ್ರಕ್ಕೆ ಒಂದು ಹಗಲಿನ ದಾರಿ.
ನಾನದನ್ನು ಚೀಲದ ಉಪ್ಪಿನಿಂದ ಮಾಡಿಕೊಂಡೆ,
ಲೀಟರಿಗೆ ಮೂವತ್ತೈದು ಗ್ರಾಂ,
ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ.
ತೊಟ್ಟಿ ಬಂದದ್ದು ಬಾಗಿಲು ಹಾಕಿದ ಹಲ್ಲಿನ ಡಾಕ್ಟರರ ಕಾಯುವ ಕೋಣೆಯಿಂದ,
ಜೊತೆಗೆ ಎರಡು ಕೋಡಂಗಿ ಮೀನು, ಬೆರಳುದ್ದದ ಹವಳ.

ಮೊದಲ ರಾತ್ರಿ ದೀಪ ಹಾಕಿದರೆ
ನೀರೆಲ್ಲ ರವೆ ಚೆಲ್ಲಿದ ಹಾಗೆ.
ಸೂಜಿಮೊನೆಗಿಂತ ಸಣ್ಣ ಗುಳ್ಳೆಗಳು,
ಏರುವುದೂ ಇಲ್ಲ, ಒಡೆಯುವುದೂ ಇಲ್ಲ,
ಹರಿವು ಕರೆದತ್ತ ಹೋಗಿ
ಹವಳದ ಮೈಗೆ ಹತ್ತಿ ಕೂರುತ್ತವೆ.

ಇವು ನನಗೆ ಹಳೆಯ ಪರಿಚಯ.
ಮೂವತ್ತೊಂದು ವರ್ಷ ಗಾಜಿನ ಕಾರ್ಖಾನೆಯಲ್ಲಿ
ಕಪ್ಪು ಬಟ್ಟೆ ಹಾಸಿದ ಮೇಜು, ಪಕ್ಕದಿಂದ ಬೀಳುವ ದೀಪ,
ಲೋಟ ತಿರುಗಿಸಿ ತಿರುಗಿಸಿ ನೋಡುವುದೇ ಕೆಲಸ.
ಗಾಜಿನೊಳಗೆ ಸಿಕ್ಕಿಬಿದ್ದ ಗುಳ್ಳೆಗೆ
ನಮ್ಮ ಮೇಜಿನಲ್ಲಿ ಬೀಜವೆಂದು ಹೆಸರು.
ಬೀಜವಿದ್ದರೆ ಎಡಗಡೆಯ ತಗಡಿನ ಡಬ್ಬಕ್ಕೆ.
ಆ ಸದ್ದು ಕುಲುಮೆಯವರೆಗೂ ಕೇಳುತ್ತಿತ್ತು.

ಕೆಳಗಿನ ಮನೆಯ ವೀತ್, ಹನ್ನೊಂದರ ಪೋರ,
ಟಾರ್ಚು ಹಿಡಿದು ಮೇಜಿನಡಿ ತೂರಿದ.
ಸಂಪಿಗೆ ನೀರಿಳಿಸುವ ಕೊಳವೆ
ನಾಲ್ಕು ಬೆರಳು ಮೇಲೆಯೇ ನಿಂತು
ಧುಮುಕಿ ಧುಮುಕಿ ಗಾಳಿ ಕಲಸುತ್ತಿತ್ತು.
ಅದರ ಬಾಯಿ ಮುಳುಗಿಸಿದೆವು. ಅರ್ಧ ಹೋಯಿತು.
ಬಟ್ಟೆಚೀಲ ಕಟ್ಟಿದೆವು. ಇನ್ನಷ್ಟು ಹೋಯಿತು.
ಪಂಪಿನ ತಲೆಯ ಮೇಲೆ ನೀರು ಆರಿ, ಸುಳಿ ಎದ್ದು,
ಅದು ಗಾಳಿಯನ್ನೇ ಕುಡಿಯುತ್ತಿತ್ತು.
ಎರಡು ಜಗ್ಗು ಸಿಹಿನೀರು ಸುರಿದೆ; ಸುಳಿ ಮಲಗಿತು.
ಆದರೂ ಬೀಜ.

"ಪಂಪು ಕೆಟ್ಟಿದೆ ಅಜ್ಜಿ."
ಕೆಟ್ಟಿರಲಿಲ್ಲ. ನಾನೇ ಅಂಟಿಸಿದ ಮೂರು ಗಾಜಿನ ಗೋಡೆ:
ಮೇಲಿಂದ ದಾಟಿ, ಕೆಳಗಿಂದ ನುಸುಳಿ, ಮತ್ತೆ ಮೇಲಿಂದ ದಾಟಿ
ನೀರು ಪಂಪಿಗೆ ಬರಬೇಕು.
ನಡುವೆ ನಾನು ಬಿಟ್ಟದ್ದು ಒಂದೇ ಬೆರಳು.
ಇಕ್ಕಟ್ಟಿನ ಓಣಿಯಲ್ಲಿ ನೀರು ಓಡುತ್ತಿತ್ತು,
ಓಡುವ ನೀರು ಗಾಳಿಯ ಕೈ ಬಿಡುವುದಿಲ್ಲ.

ಹೀನೆಕ್ ಮೇಸ್ತ್ರಿ ನೆನಪಾದ.
ಸಲಾಕೆಯ ತುದಿಗೆ ಹಸಿ ಆಲೂಗಡ್ಡೆ ಚುಚ್ಚಿ
ಕರಗಿದ ಗಾಜಿನೊಳಗೆ ಮುಳುಗಿಸುತ್ತಿದ್ದ.
ಬುಳಬುಳನೆ ಎದ್ದ ದೊಡ್ಡ ಗುಳ್ಳೆ
ಸಣ್ಣವನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಮೇಲೆ ಹೋಗುತ್ತಿತ್ತು.
ಆಮೇಲೆ ಯಾರೂ ಮುಟ್ಟಕೂಡದು.
"ಗಾಳಿಗೆ ದಾರಿ ಗೊತ್ತು, ಹೊತ್ತು ಕೊಡಿ" ಎನ್ನುತ್ತಿದ್ದ,
ಪಾಳಿಯ ಲೆಕ್ಕ ಬರೆಯುವವರಿಗೆ ಕೇಳಲೆಂದೇ.

ಭಾನುವಾರ ಸಂಪು ಬರಿದು ಮಾಡಿ
ಬ್ಲೇಡಿನಲ್ಲಿ ಸಿಲಿಕೋನ್ ಕೊಯ್ದು ಗೋಡೆ ಕಿತ್ತೆ.
ಮೂರು ಬೆರಳು ಬಿಟ್ಟು ಮತ್ತೆ ನಿಲ್ಲಿಸಿದೆ.
ಒಣಗಲು ಎರಡು ದಿನ. ಮೀನುಗಳು ಮುನಿದು ಮೂಲೆ ಹಿಡಿದವು.

ಆ ಎರಡು ದಿನವೂ ಅಲೋಯ್ಸ್ ನೆನಪು.
ಅವನ ಕೈ ನಡುಗತೊಡಗಿದ ಚಳಿಗಾಲ
ಒಂದೇ ಪಾಳಿಯಲ್ಲಿ ಹದಿನಾಲ್ಕು ಲೋಟ ಎಡಕ್ಕೆ ಹಾಕಿದ್ದೆ.
ತಪ್ಪು ನನ್ನದಲ್ಲ. ಬೀಜ ಇತ್ತು.
ಅವನನ್ನು ಹುಲ್ಲು ತುಂಬುವ ಪ್ಯಾಕಿಂಗ್ ಕೋಣೆಗೆ ಕಳಿಸಿದರು.
ಹದಿನೈದನೆಯದನ್ನು ಕೋಟಿನ ಜೇಬಿನಲ್ಲಿಟ್ಟು ತಂದೆ,
ಯಾಕೆಂದು ಈಗಲೂ ತಿಳಿಯದು.
ಕಿಟಕಿಯಲ್ಲಿದೆ, ಅಂಚಿನ ಕೆಳಗೆ ಎಳ್ಳಿನಷ್ಟು ಗುಳ್ಳೆ.
ಅದು ಅವನ ಉಸಿರಲ್ಲ,
ಗಾಜು ಸುತ್ತಿಕೊಳ್ಳುವಾಗ ಮಡಿಕೆಗೆ ಸಿಕ್ಕ ಗಾಳಿ ಅಷ್ಟೇ;
ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಆದರೂ ಆ ಲೋಟದಲ್ಲಿ ಒಂದು ದಿನವೂ ನೀರು ಕುಡಿದಿಲ್ಲ.

ಮಂಗಳವಾರ ಸಂಜೆ ಪಂಪು ಹಾಕಿದೆ.
ಮೊದಲ ಓಣಿಯಲ್ಲಿ ನೊರೆ.
ಎರಡನೆಯದರಲ್ಲಿ ಗುಳ್ಳೆಗಳು ತುಸು ನಿಂತು,
ಯೋಚಿಸಿ, ಒಂದೊಂದೇ ಏರಿದವು.
ಅದರಾಚೆ ನೀರಷ್ಟೇ.

ವೀತ್ ತೊಟ್ಟಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದ.
"ನೀರೇ ಇಲ್ಲದ ಹಾಗಿದೆ. ಮೀನು ಸುಮ್ಮನೆ ಗಾಳಿಯಲ್ಲಿ ನಿಂತಿದೆ."
ತುಸು ಬೇಸರದಲ್ಲೇ ಅಂದ,
ಅವನಿಗೆ ಆ ರವೆ ಇಷ್ಟವಾಗಿತ್ತಂತೆ, ಹಿಮ ಬಿದ್ದ ಹಾಗೆ.
ಮೂಗು ತೆಗೆದಲ್ಲಿ ಗಾಜಿನ ಮೇಲೆ
ಉಸಿರಿನ ಮಂಜು, ಬಿಲ್ಲೆಯಷ್ಟು.

ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು.